ಆಯಮ್ಮನ ಮಗು ನಮ್ಮ ಮನೆಗೆ ಬಂದಾಗ

ನಾವು ಮಗು ದತ್ತು ತೆಗೆದುಕೊಂಡವರು ಅಂತ ತಿಳಿದು ವಿಚಾರ ಕೇಳಲು ಫೋನ್ ಮಾಡುವವರು ಮೊದಲು ಕೇಳುವುದು ಕ್ಯೂ ಬಗ್ಗೆ. ಎಷ್ಟು ವರ್ಷ ಕಾಯಬೇಕು? ಆಮೇಲೆ ಖರ್ಚು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಯಾರ ಮಗು, ಯಾವ ಜನ ಅಂತ ಏನಾದ್ರೂ ಹೇಳ್ತಾರಾ?" ಇಷ್ಟಕ್ಕೆ ಉತ್ತರ ಸಿಕ್ಕರೆ ಥ್ಯಾಂಕ್ಸ್ ಹೇಳಿ ಫೋನ್ ಇಡುತ್ತಾರೆ. ಮಗು ಮನೆಗೆ ಬಂದ ರಾತ್ರಿ ಏನಾಗುತ್ತದೆ ಅಂತ ಕೇಳಿದವರು ಕಡಿಮೆ. ನನಗೆ ಹೇಳಬೇಕಿರುವುದು ಆ ರಾತ್ರಿಯ ಬಗ್ಗೆ, ಅದರ ಮುಂದಿನ ಕೆಲವು ತಿಂಗಳ ಬಗ್ಗೆ. ಆದರೂ ಕ್ಯೂ ವಿಷಯ ಮೊದಲು ಮುಗಿಸಿಬಿಡೋಣ. ಇಲ್ಲದಿದ್ದರೆ ಯಾರೂ ಮುಂದೆ ಓದುವುದಿಲ್ಲ.

ಕ್ಯೂ ಉದ್ದವಾಗಿದೆ. ಹಿಂದೆ ಅನಾಥಾಶ್ರಮಕ್ಕೆ ಹೋಗಿ, ಸಾಲಾಗಿ ನಿಲ್ಲಿಸಿದ ಮಕ್ಕಳಲ್ಲಿ ಒಂದನ್ನು ಆರಿಸಿಕೊಂಡು ಬಂದವರ ಕಥೆ ಕೇಳಿರುತ್ತೀರಿ. ಅದು ಈಗ ನಡೆಯುವುದಿಲ್ಲ. ದೆಹಲಿಯಲ್ಲಿ ಕಾರಾ ಅಂತ ಕೇಂದ್ರ ಸರ್ಕಾರದ ಒಂದು ಪ್ರಾಧಿಕಾರವಿದೆ. ಅದರ ಕೇರಿಂಗ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ದಾಖಲೆ ಹಾಕಿ, ಸೀನಿಯಾರಿಟಿ ನಂಬರ್ ಹಿಡಿದು ಕೂರಬೇಕು. ದೇಶದಲ್ಲಿ ಹೀಗೆ ಕೂತವರು ಮೂವತ್ತು ಸಾವಿರಕ್ಕೂ ಜಾಸ್ತಿ. 2024-25ರಲ್ಲಿ ಕಾರಾ ಮೂಲಕ ಆದ ದತ್ತು 4,515. ಅದೇ ದಾಖಲೆ ಅಂತ ಸರ್ಕಾರ ಹೇಳಿಕೊಂಡಿತು. ಲೆಕ್ಕ ನೀವೇ ಹಾಕಿ. ಎರಡು ವರ್ಷದೊಳಗಿನ ಆರೋಗ್ಯವಂತ ಮಗುವೇ ಬೇಕು ಅಂದರೆ ಮೂರು ವರ್ಷಕ್ಕೂ ಮೇಲೆ ಕಾಯಲು ತಯಾರಿರಬೇಕು.

"ಬೀದಿಯಲ್ಲಿ, ಆಶ್ರಮಗಳಲ್ಲಿ ಅಷ್ಟು ಮಕ್ಕಳಿದ್ದಾರಲ್ಲ, ಮತ್ತೆ ಯಾಕೆ ಹೀಗೆ?" ಅಂತ ನಮ್ಮ ಅತ್ತೆಯೂ ಕೇಳುತ್ತಿದ್ದರು. ಆಶ್ರಮದಲ್ಲಿರುವ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಅಜ್ಜಿಯೋ ಇದ್ದಾರೆ. ಸಿಕ್ಕ ಮಗುವನ್ನು ಸುಮ್ನೆ ಕೊಟ್ಟುಬಿಡುವ ಹಾಗಿಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಪತ್ರಿಕೆಯಲ್ಲಿ ಜಾಹೀರಾತು ಕೊಡಿಸಿ, ಪೊಲೀಸರಿಂದ ಹುಡುಕಿಸಿ, ಯಾರೂ ಬರದಿದ್ದರೆ ಮಾತ್ರ ಮಗು ದತ್ತುವಿಗೆ ಮುಕ್ತ ಅಂತ ಬರೆದುಕೊಡುತ್ತದೆ. ಹೆತ್ತ ತಾಯಿಯೇ ಬಂದು ಒಪ್ಪಿಸಿದರೆ, ಮನಸ್ಸು ಬದಲಿಸಲು ಆಕೆಗೆ 60 ದಿನ ಅವಕಾಶ. ನಾವು ಕಾಯುವಾಗ ಈ ನಿಯಮಗಳೆಲ್ಲ ಶತ್ರುವಿನ ಹಾಗೆ ಕಂಡಿದ್ದವು. ಈಗ ಆ 60 ದಿನದಲ್ಲಿ ಒಬ್ಬ ತಾಯಿ ವಾಪಸ್ ಬಂದರೂ ಅದು ಸಾರ್ಥಕ ಅನಿಸುತ್ತದೆ.

ಖರ್ಚಿಗೆ ಬಂದರೆ, ಕಾರಾ ನಿಗದಿ ಮಾಡಿದ ಶುಲ್ಕ ಮಾತ್ರ. ಮನೆ ಪರಿಶೀಲನೆಗೆ ಇಷ್ಟು, ಮಗುವಿನ ಪಾಲನೆಗೆ ಇಷ್ಟು ಅಂತ ಅವರ ವೆಬ್‌ಸೈಟಿನಲ್ಲೇ ಇದೆ, ರಸೀದಿ ಕೊಡುತ್ತಾರೆ. ಅದರ ಮೇಲೆ ದೇಣಿಗೆ ಅಂತ ಯಾರು ಕೇಳಿದರೂ ಕೊಡಬೇಡಿ. "ಒಂದು ನರ್ಸಿಂಗ್ ಹೋಮ್‌ನಲ್ಲಿ ಮಗು ಇದೆ, ಪೇಪರ್ ಎಲ್ಲ ನಾವೇ ಮಾಡಿಸಿಕೊಡ್ತೀವಿ" ಅಂತ ಪರಿಚಯದವರ ಪರಿಚಯದವರು ಬಂದೇ ಬರುತ್ತಾರೆ, ನಮ್ಮ ಮನೆಗೂ ಬಂದಿದ್ದರು. ಅದು ಮಗು ಮಾರಾಟ. ಬಾಲನ್ಯಾಯ ಕಾಯ್ದೆಯಲ್ಲಿ ಕೊಂಡವರಿಗೂ ಮಾರಿದವರಿಗೂ ಐದು ವರ್ಷದವರೆಗೆ ಜೈಲು. ಜೈಲು ಬಿಡಿ, ಮಗು ಶಾಲೆಗೆ ಹೋಗುವ ಹೊತ್ತಿಗೆ ಯಾರಾದರೂ ದೂರು ಕೊಟ್ಟರೆ ಅದನ್ನು ನಿಮ್ಮ ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ.

ನಮಗೆ ಸಣ್ಣ ಮಗು ಸಿಗುವ ಹಾಗಿರಲಿಲ್ಲ. ಗಂಡ ಹೆಂಡತಿ ಇಬ್ಬರ ವಯಸ್ಸು ಕೂಡಿಸಿ ನೋಡುತ್ತಾರೆ. 85ರ ಒಳಗಿದ್ದರೆ ಎರಡು ವರ್ಷದೊಳಗಿನ ಮಗು, 90ರ ಒಳಗಿದ್ದರೆ ನಾಲ್ಕರೊಳಗಿನದು, 100ರ ಒಳಗಿದ್ದರೆ ಎಂಟರೊಳಗಿನದು. ನಮ್ಮದು 90 ದಾಟಿತ್ತು. ಆಸ್ಪತ್ರೆ, ಇಂಜೆಕ್ಷನ್, ಹರಕೆ ಅಂತ ವರ್ಷಗಳು ಕಳೆದುಹೋಗಿದ್ದವು. ನಮ್ಮ ಪಾಲಿಗೆ ನಾಲ್ಕು ದಾಟಿದ ಮಗು. "ಅಷ್ಟು ದೊಡ್ಡದು ಒಗ್ಗುತ್ತಾ?" ಅಂದವರೇ ಎಲ್ಲರೂ. ಆ ಪ್ರಶ್ನೆ ತಪ್ಪಲ್ಲ. ಆದರೆ ಅದನ್ನು ಮಗುವಿನ ಕಡೆಯಿಂದಲೂ ಕೇಳಬಹುದಿತ್ತು. ನಾವು ಅದಕ್ಕೆ ಒಗ್ಗುತ್ತೀವಾ?

ಮನೆ ಪರಿಶೀಲನೆ ಅಂದರೆ ಎಲ್ಲರಿಗೂ ಭಯ. ಹೊಸ ಪರದೆ ಹಾಕುತ್ತಾರೆ, ಗೋಡೆಗೆ ಸುಣ್ಣ ಬಳಿಸುತ್ತಾರೆ. ನಮ್ಮಲ್ಲಿ ಬಂದ ಸಮಾಜ ಕಾರ್ಯಕರ್ತೆ ಪರದೆ ನೋಡಲೇ ಇಲ್ಲ. ನನ್ನನ್ನು, ನಮ್ಮ ಯಜಮಾನರನ್ನು ಬೇರೆ ಬೇರೆ ಕೂರಿಸಿ ಮಾತಾಡಿಸಿದರು. ಚಿಕ್ಕವರಿದ್ದಾಗ ನಿಮಗೆ ಮನೆಯಲ್ಲಿ ಹೊಡೀತಿದ್ರಾ? ಮಗು ಸುಳ್ಳು ಹೇಳಿದ್ರೆ ಏನ್ ಮಾಡ್ತೀರಿ? ನಿಮಗೇ ಒಂದು ಮಗು ಆಗ್ಲಿಲ್ಲ ಅನ್ನೋ ನೋವು ಈಗ ಹೇಗಿದೆ? ಕೊನೆಯ ಪ್ರಶ್ನೆಗೆ ನಾನು ಅತ್ತುಬಿಟ್ಟೆ. ಅತ್ತಿದ್ದು ಒಳ್ಳೆಯದೇ ಆಯಿತು ಅಂತ ಆಕೆ ಹೇಳಿದರು. ಆಮೇಲೆ ನಮ್ಮ ಅತ್ತೆಯವರ ಹತ್ತಿರ ಹೋಗಿ, "ನಿಮಗೆ ಒಪ್ಪಿಗೆ ಇದೆಯಾ ಅಮ್ಮಾ?" ಅಂದರು. ಅತ್ತೆ, "ಒಪ್ಪಿಗೆ ಏನು ಬಂತು, ಹೆಣ್ಣು ಮಗು ಆದ್ರೆ ಸಾಕು, ಮನೇಲಿ ಗೆಜ್ಜೆ ಸದ್ದು ಇರ್ಲಿ" ಅಂದುಬಿಟ್ಟರು. ಅಷ್ಟು ಚೆಂದದ ಉತ್ತರ ನಮ್ಮಿಬ್ಬರ ಬಾಯಲ್ಲಿ ಬಂದಿರಲಿಲ್ಲ.

ಆಮೇಲೆ ಒಂದು ದಿನ ಮೊಬೈಲಿಗೆ ಮೆಸೇಜು ಬರುತ್ತದೆ. ಪೋರ್ಟಲ್ ತೆರೆದರೆ ಒಂದು ಫೋಟೋ, ಮಗುವಿನ ಬಗ್ಗೆ ಒಂದು ವರದಿ, ವೈದ್ಯಕೀಯ ವರದಿ. ಹೌದೋ ಅಲ್ಲವೋ ಹೇಳಲು 48 ಗಂಟೆ. ಈ 48 ಗಂಟೆಯಲ್ಲಿ ಫೋಟೋ ನೋಡುತ್ತಾ ಕೂರಬೇಡಿ, ವರದಿ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಓಡಿ. ನಮ್ಮ ಹುಡುಗಿಯ ವರದಿಯಲ್ಲಿ ತೂಕ ಕಡಿಮೆ, ಎತ್ತರ ಕಡಿಮೆ, ಮಾತು ವಯಸ್ಸಿಗೆ ತಕ್ಕಂತಿಲ್ಲ ಅಂತಿತ್ತು. ಡಾಕ್ಟರು ನಿಧಾನವಾಗಿ ಓದಿ, ಸಂಸ್ಥೆಯಲ್ಲಿ ಬೆಳೆದ ಮಕ್ಕಳಲ್ಲಿ ಇದು ಇರುವುದೇ, ಹೆಚ್ಚಿನವರು ಮನೆಗೆ ಬಂದ ಮೇಲೆ ಬೆಳೆದುಬಿಡುತ್ತಾರೆ, ಕಿವಿ ಮಾತ್ರ ಒಮ್ಮೆ ಪರೀಕ್ಷೆ ಮಾಡಿಸಿ ಅಂದರು. ಒಪ್ಪಿದ ಮೇಲೂ ಮಗು ಇರುವ ದತ್ತು ಕೇಂದ್ರಕ್ಕೆ ಹೋಗಿ ಅದನ್ನು ನೋಡಿ, ಬೇಕಾದರೆ ಇನ್ನೊಂದು ತಪಾಸಣೆ ಕೇಳುವ ಹಕ್ಕು ನಿಮಗಿದೆ. ಕೇಳಲು ಸಂಕೋಚ ಬೇಡ. ಸಂಕೋಚಪಟ್ಟು ಕರೆತಂದು, ಮೂರು ತಿಂಗಳಿಗೆ ವಾಪಸ್ ಬಿಟ್ಟು ಬಂದವರೂ ಇದ್ದಾರೆ. ಆ ಮಗುವಿನ ಸ್ಥಿತಿ ಏನು ಅಂತ ನಾನು ಇಲ್ಲಿ ಬರೆಯಲಾರೆ.

ನಮಗೆ ಬಂದ ಮಗು ಆಂಧ್ರದ್ದು. ನಾವಿರುವುದು ಶಿವಮೊಗ್ಗ. ನಮಗೆ ತೆಲುಗು ಬಾರದು, ಅವಳಿಗೆ ಕನ್ನಡ ಬಾರದು.

ಶಿಶು ಗೃಹಕ್ಕೆ ನಾವು ಹೋದಾಗ ಅವಳು ನಮ್ಮ ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ಒಬ್ಬ ಆಯಮ್ಮನ ಸೀರೆಯ ಸೆರಗು ಹಿಡಿದು, ಅದರ ತುದಿಯನ್ನು ಬಾಯಲ್ಲಿ ಇಟ್ಟುಕೊಂಡು ನಿಂತಿದ್ದಳು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಎರಡೇ ಗಾಜಿನ ಬಳೆ. ಸಂಸ್ಥೆಯ ಮುಖ್ಯಸ್ಥರು ನಮಗೆ ಕಾಗದ ತೋರಿಸುತ್ತಿದ್ದರು, ಸಹಿ ಹಾಕಿಸುತ್ತಿದ್ದರು. ನಾನು ನೋಡುತ್ತಿದ್ದದ್ದು ಆ ಸೆರಗನ್ನು. ಇನ್ನೂ ಒಂದೆರಡು ದಿನ ಊರಲ್ಲೇ ಇದ್ದು ಬಂದು ಹೋಗಿ ಮಾಡಿ ಅಂತ ಅವರೇ ಹೇಳಿದರು. ಅದು ದೊಡ್ಡ ಉಪಕಾರ. ಎಷ್ಟೋ ಕಡೆ ಬೆಳಿಗ್ಗೆ ಹೋಗಿ ಸಂಜೆ ರೈಲಿಗೆ ಮಗು ಜೊತೆ ಹೊರಟುಬಿಡುತ್ತಾರೆ.

ಹೊರಡುವ ದಿನ ಆಯಮ್ಮ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದ್ದರು. ಗಿಡ್ಡ ಕೂದಲು, ಹೇನಿಗೆ ಅಂತ ಆಗಾಗ ಬೋಳಿಸುತ್ತಿದ್ದರಂತೆ, ಅದಕ್ಕೇ ಎರಡು ರಬ್ಬರ್ ಬ್ಯಾಂಡ್ ಹಾಕಿ ಕೋಡಿನ ಹಾಗೆ ಎತ್ತಿ ಕಟ್ಟಿದ್ದರು. ಕಣ್ಣಿಗೆ ಕಾಡಿಗೆ, ಕೆನ್ನೆಗೆ ದೃಷ್ಟಿಬೊಟ್ಟು. ನಾವು ತಂದ ಹೊಸ ಫ್ರಾಕ್ ಹಾಕಿದ್ದರು, ಹಳೆಯದನ್ನು ಮಡಚಿ ಚೀಲದಲ್ಲಿ ಇಟ್ಟಿದ್ದರು. ಎಲ್ಲರೂ ಫೋಟೋ ತೆಗೆಸಿಕೊಂಡೆವು. ಗೇಟಿನ ಹತ್ತಿರ ಬಂದಾಗ ಆಯಮ್ಮ ಇರಲಿಲ್ಲ. ಒಳಗೆ ಹೋಗಿಬಿಟ್ಟಿದ್ದರು. ಕಾರು ಹೊರಟ ಮೇಲೆ ಮಗು ಅಳಲಿಲ್ಲ. ಹಿಂದಿನ ಗಾಜಿಗೆ ತಿರುಗಿ ಕೂತುಕೊಂಡಿತು.

ನಮಗೆ ಅದು ಜೀವನದ ದೊಡ್ಡ ಖುಷಿಯ ದಿನ. ಅವಳಿಗೆ? ನಾಲ್ಕೂವರೆ ವರ್ಷದ ಮಗುವಿಗೆ ಗೊತ್ತಿದ್ದ ಪ್ರತಿಯೊಂದು ಮುಖ, ಭಾಷೆ, ತಟ್ಟೆ, ಹಾಸಿಗೆ ಒಂದೇ ದಿನದಲ್ಲಿ ಹೋಯಿತು. ದತ್ತು ತೆಗೆದುಕೊಳ್ಳುವವರು ಇದೊಂದನ್ನು ಮೊದಲೇ ಅರ್ಥ ಮಾಡಿಕೊಂಡರೆ ಆಮೇಲಿನದ್ದೆಲ್ಲ ಸುಲಭ ಅಂತ ಹೇಳಲಾರೆ, ಆದರೆ ಅರ್ಥವಾಗುತ್ತದೆ. ನಾವು ಯಾರೂ ಇಲ್ಲದ ಮಗುವಿಗೆ ಮನೆ ಕೊಡುತ್ತಿದ್ದೇವೆ ಅಂದುಕೊಂಡಿರುತ್ತೇವೆ. ಮಗುವಿಗೆ ಆಗಲೇ ಒಂದು ಮನೆ ಇರುತ್ತದೆ. ಹದಿನೈದು ಮಕ್ಕಳು ಒಂದೇ ಹಾಲ್‌ನಲ್ಲಿ ಮಲಗುವ ಮನೆ, ಆದರೂ ಮನೆಯೇ.

ಆ ರಾತ್ರಿ ನಾವು ಅವಳಿಗಾಗಿ ತಯಾರು ಮಾಡಿದ್ದ ಗುಲಾಬಿ ಬಣ್ಣದ ರೂಮಿನಲ್ಲಿ ಅವಳು ಕಾಲಿಡಲಿಲ್ಲ. ಲೈಟ್ ಆರಿಸಿದರೆ ಕಿರುಚಿದಳು. ಮೌನಕ್ಕೇ ಹೆದರಿಕೆ. ಪಕ್ಕದಲ್ಲಿ ಇಷ್ಟು ಮಕ್ಕಳ ಉಸಿರಾಟ, ಕೆಮ್ಮು, ಅಳು ಕೇಳಿಯೇ ಅಭ್ಯಾಸ. ಬಾಗಿಲ ಹತ್ತಿರ ಹೋಗಿ, ಚಪ್ಪಲಿ ಹಾಕಿಕೊಂಡು, "ಇಂಟಿಕಿ ಪೋದಾಂ" ಅಂದಳು. ಮತ್ತೆ ಮತ್ತೆ. ಮನೆಗೆ ಹೋಗೋಣ. ಅಷ್ಟು ತೆಲುಗು ನಮಗೆ ಅರ್ಥವಾಯಿತು. ನಮ್ಮ ಯಜಮಾನರು ಚಪ್ಪಲಿ ಬಿಚ್ಚಿಸಲು ಹೋದರು, ಅತ್ತೆ ತಡೆದರು. "ಇರ್ಲಿ ಬಿಡು, ಹಾಕ್ಕೊಂಡೇ ಮಲಗ್ಲಿ." ಹಾಗೇ ಹಜಾರದಲ್ಲಿ ನಾಲ್ಕೂ ಜನ ಲೈಟ್ ಹಾಕಿಕೊಂಡು ಸಾಲಾಗಿ ಮಲಗಿದೆವು.

ಮೇಲಿನ ಮನೆಯಲ್ಲಿ ಅನಂತಪುರದ ಕಡೆಯ ಒಬ್ಬ ಅಕ್ಕ ಬಾಡಿಗೆಗಿದ್ದರು. ಮಾರನೇ ದಿನ ಅವರು ಬಂದು ತೆಲುಗಿನಲ್ಲಿ ಮಾತಾಡಿಸಿದ್ದೇ ತಡ, ಇವಳು ಓಡಿ ಹೋಗಿ ತೊಡೆ ಮೇಲೆ ಕೂತಳು. ನನಗೆ ಹೊಟ್ಟೆಯುರಿ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಅಕ್ಕನನ್ನು ದಿನಾ ಬನ್ನಿ ಅಂದೆ. ಹೊರರಾಜ್ಯದ ಮಗು ಬಂದರೆ ಆ ಭಾಷೆಯವರು ಒಬ್ಬರನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಮಕ್ಕಳು ಎರಡು ಮೂರು ತಿಂಗಳಲ್ಲಿ ಕನ್ನಡ ಕಲಿತುಬಿಡುತ್ತಾರೆ, ಅದು ತೊಂದರೆಯೇ ಅಲ್ಲ. ಆ ಎರಡು ಮೂರು ತಿಂಗಳು ಹೊಟ್ಟೆ ನೋವು ಅಂತ ಹೇಳಲೂ ಬಾಯಿಲ್ಲದ ಹಾಗೆ ಇರುತ್ತಾರೆ.

ಊಟದ ವಿಷಯ. ಎಷ್ಟು ಬಡಿಸಿದರೂ ತಿನ್ನುತ್ತಿದ್ದಳು, ವಾಂತಿ ಆಗುವವರೆಗೆ. ದಿಂಬಿನ ಕೆಳಗೆ ಇಡ್ಲಿ ಚೂರು, ಸೋಫಾ ಸಂದಿಯಲ್ಲಿ ಒಣಗಿದ ಚಪಾತಿ, ಇರುವೆ ಸಾಲು. ಶಿಶು ಗೃಹದಲ್ಲಿ ಊಟ ಕಡಿಮೆ ಇತ್ತು ಅಂತಲ್ಲ. ಹೊತ್ತು ಹೊತ್ತಿಗೆ ಮಾತ್ರ ಸಿಗುತ್ತಿತ್ತು, ಬೇಕಾದಾಗ ಅಲ್ಲ. ಬೈಯಬೇಡಿ, ಬಚ್ಚಿಟ್ಟಿದ್ದನ್ನು ಅವರೆದುರು ಎಸೆಯಬೇಡಿ ಅಂತ ಸಮಾಜ ಕಾರ್ಯಕರ್ತೆ ಹೇಳಿದ್ದರು. ಕೈಗೆ ಎಟುಕುವ ಕಡೆ ಒಂದು ಡಬ್ಬಿಯಲ್ಲಿ ಚಕ್ಕುಲಿ, ಬಾಳೆಹಣ್ಣು ಇಟ್ಟೆವು. ಅದು ಯಾವತ್ತೂ ಖಾಲಿಯಾಗದ ಹಾಗೆ ನೋಡಿಕೊಳ್ಳುವುದು ಅತ್ತೆಯ ಡ್ಯೂಟಿ. ಬಚ್ಚಿಡುವುದು ಯಾವಾಗ ನಿಂತಿತು ಅಂತ ನಮಗೆ ಗೊತ್ತೇ ಆಗಲಿಲ್ಲ.

ಇನ್ನೊಂದು ವಿಷಯ ಗಂಡಸರಿಗೆ. ಈ ಕೇಂದ್ರಗಳಲ್ಲಿ ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರೇ. ಮಗು ಗಂಡಸರನ್ನು ಹತ್ತಿರದಿಂದ ನೋಡಿಯೇ ಇರುವುದಿಲ್ಲ. ನಮ್ಮ ಯಜಮಾನರ ಮೀಸೆ, ದಪ್ಪ ದನಿ ಎರಡೂ ಅವಳಿಗೆ ಭಯ. ಅವರು ಒಳಗೆ ಬಂದರೆ ಇವಳು ಅಡುಗೆಮನೆಗೆ. ಅವರು ಬೇಜಾರು ಮಾಡಿಕೊಂಡರು, ಆದರೆ ಹಿಂದೆ ಬೀಳಲಿಲ್ಲ. ದಿನಾ ಸಂಜೆ ನೆಲದ ಮೇಲೆ ಕೂತು ಕಡಲೆಕಾಯಿ ಸುಲಿಯುವುದು, ಸುಲಿದ ಬೀಜವನ್ನು ಒಂದು ಬಟ್ಟಲಲ್ಲಿ ಹಾಕಿ ಸ್ವಲ್ಪ ದೂರ ತಳ್ಳುವುದು. ಮಾತಿಲ್ಲ. ಬಟ್ಟಲು ದಿನದಿನಕ್ಕೆ ಹತ್ತಿರ ಬಂತು. ಈಗ ಅವಳಿಗೆ ಅಪ್ಪನೇ ಬೇಕು, ನಾನು ಬರೀ ಜಡೆ ಹಾಕಲು.

ಕೆಲವು ಸಂಗತಿ ನೋಡಲು ಒಳ್ಳೆಯದಾಗಿ ಕಾಣುತ್ತದೆ, ಆದರೆ ಹಾಗಲ್ಲ. ನೆಂಟರು ಬಂದರೆ ಇವಳು ಎಲ್ಲರ ತೊಡೆಗೂ ಹೋಗುತ್ತಿದ್ದಳು, ಎಲ್ಲರಿಗೂ ಅಮ್ಮ ಅನ್ನುತ್ತಿದ್ದಳು. "ಎಷ್ಟು ಬೇಗ ಹೊಂದಿಕೊಂಡಿದೆ ನೋಡಿ!" ಅಂತ ಎಲ್ಲರಿಗೂ ಸಂತೋಷ. ಬಂದವರೆಲ್ಲರನ್ನೂ ಒಲಿಸಿಕೊಳ್ಳುವುದು ಸಂಸ್ಥೆಯಲ್ಲಿ ಬದುಕಲು ಕಲಿತ ವಿದ್ಯೆ. ಇದು ನನ್ನ ಅಮ್ಮ, ಉಳಿದವರು ಬೇರೆ ಅನ್ನುವುದು ತಿಳಿಯಲು ಸಮಯ ಬೇಕು. ಹಾಗಾಗಿ ಮೊದಲ ಕೆಲವು ತಿಂಗಳು ಎತ್ತಿಕೊಳ್ಳುವುದು, ಊಟ ಮಾಡಿಸುವುದು, ಮಲಗಿಸುವುದು ಮನೆಯವರೇ ಮಾಡಬೇಕು. ಛತ್ರ ಹಿಡಿದು ನಾಮಕರಣ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಮುಂದೂಡಿ. ಮುನ್ನೂರು ಜನ ಬಂದು ಗಲ್ಲ ಹಿಂಡಿದರೆ ಆ ಮಗುವಿಗೆ ಏನು ಸಂಭ್ರಮ?

ಹೆಸರಿನ ಜಗಳವೂ ಆಯಿತು. ನಕ್ಷತ್ರ ನೋಡಿ ಹೊಸ ಹೆಸರು ಇಡಬೇಕು ಅಂತ ಅತ್ತೆ. ಬಂದಾಗ ಅವಳ ಹತ್ತಿರ ಅವಳದ್ದು ಅಂತ ಇದ್ದದ್ದು ಒಂದು ಹಳೇ ಫ್ರಾಕ್ ಮತ್ತು ಆ ಹೆಸರು. ನಾನು ಬದಲಾಯಿಸಲು ಬಿಡಲಿಲ್ಲ. ಅಷ್ಟಕ್ಕೂ ಹುಟ್ಟಿದ ಗಳಿಗೆ ಯಾರಿಗೂ ಗೊತ್ತಿಲ್ಲ, ಯಾವ ನಕ್ಷತ್ರ ನೋಡುವುದು? ಕೊನೆಗೆ ಅತ್ತೆ ಪಂಚಾಂಗ ತೆಗೆದು ಅವಳು ನಮ್ಮ ಮನೆಗೆ ಬಂದ ದಿನದ ನಕ್ಷತ್ರವನ್ನೇ ಅವಳ ನಕ್ಷತ್ರ ಅಂತ ಘೋಷಿಸಿದರು. ದೇವಸ್ಥಾನದಲ್ಲಿ ಅರ್ಚನೆಗೆ ಈಗಲೂ ಅದನ್ನೇ ಹೇಳುತ್ತಾರೆ. ಪುರೋಹಿತರು ಒಂದು ಮಾತೂ ಆಡಿಲ್ಲ.

ನನ್ನ ಬಗ್ಗೆಯೂ ಒಂದು ಮಾತು. ಮಗು ಬಂದ ಮೇಲೆ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಪ್ರೀತಿ ಉಕ್ಕಿ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಬಂದಿದ್ದು ಸುಸ್ತು. ಹೆತ್ತ ತಾಯಿ ಹೀಗಾದರೆ ಬಾಣಂತನದ ಸಂಕಟ ಅನ್ನುತ್ತಾರೆ, ಬಿಸಿನೀರು ಎರೆಯುತ್ತಾರೆ. ದತ್ತು ತಾಯಿ ಅತ್ತರೆ, "ಆಸೆಪಟ್ಟು ತಂದಿದ್ದಲ್ವಾ?" ಇದು ಬಹಳ ತಾಯಂದಿರಿಗೆ ಆಗುತ್ತದೆ, ಇದಕ್ಕೆ ಆಪ್ತ ಸಮಾಲೋಚನೆ ಸಿಗುತ್ತದೆ, ಕೇಳಿ ಪಡೆಯಿರಿ. ದಿನಾ ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಜ್ವರ ಬಂದಾಗ ಎದ್ದು ಕೂತು, ಮಾಡುತ್ತಾ ಮಾಡುತ್ತಾ ಒಂದು ದಿನ ಪ್ರೀತಿ ಇದೆ ಅಂತ ಗೊತ್ತಾಗುತ್ತದೆ.

ರಜೆಯ ಕಥೆ ಇನ್ನೊಂದು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದಾಗ ದತ್ತು ತಾಯಿಗೂ 12 ವಾರ ರಜೆ ಅಂತ ಬರೆದರು. ಆದರೆ ಮಗು ಮೂರು ತಿಂಗಳೊಳಗಿನದು ಆಗಿರಬೇಕು ಅಂತಲೂ ಸೇರಿಸಿದರು. ಮಗು ಕಾನೂನಿನ ಪ್ರಕಾರ ದತ್ತುವಿಗೆ ಸಿಗಲೇ ಎರಡು ತಿಂಗಳ ಮೇಲೆ ಬೇಕು. ಆ ರಜೆ ಯಾರಿಗೆ ಅಂತ ಬರೆದವರೇ ಹೇಳಬೇಕು. ನಾನು ಸಂಬಳವಿಲ್ಲದ ರಜೆ ಹಾಕಿದೆ. ಅದು ಆಗಿನ ನಿಯಮ, ಈಗ ನಿಮಗೆ ಯಾವ ರಜೆ ಸಿಗುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

"ಪುಣ್ಯ ಕಟ್ಕೊಂಡ್ರಿ" ಅನ್ನುವವರಿಗೆ ಏನು ಹೇಳುವುದು ಅಂತ ನನಗೆ ಇನ್ನೂ ತಿಳಿದಿಲ್ಲ. ನಮ್ಮಲ್ಲಿ ದತ್ತು ಹೊಸದೇನಲ್ಲ. ಕಿತ್ತೂರು ಚೆನ್ನಮ್ಮ ಶಿವಲಿಂಗಪ್ಪನನ್ನು ದತ್ತು ಸ್ವೀಕಾರ ಮಾಡಿದ್ದನ್ನು ಬ್ರಿಟಿಷರು ಒಪ್ಪದೆ 1824ರಲ್ಲಿ ಯುದ್ಧವೇ ಆಯಿತು. ಮೈಸೂರು ಅರಮನೆಯಲ್ಲಿ ದತ್ತು ಪುತ್ರರೇ ಪಟ್ಟಕ್ಕೆ ಬಂದಿದ್ದಾರೆ. ಆದರೆ ಅವೆಲ್ಲ ವಂಶಕ್ಕೆ ಒಬ್ಬ ಬೇಕು ಅಂತ, ನೆಂಟರಿಷ್ಟರಲ್ಲೇ ನೋಡಿ ತಂದದ್ದು. ಅಲ್ಲಿ ಮನೆಗೆ ಮಗುವಿನ ಅಗತ್ಯ ಇತ್ತು, ಯಾರೂ ಅದನ್ನು ಪುಣ್ಯ ಅನ್ನಲಿಲ್ಲ. ನಮ್ಮ ಮನೆಗೂ ಮಗುವಿನ ಅಗತ್ಯ ಇತ್ತು. ಪುಣ್ಯದ ಮಾತು ಮಗುವಿನ ಕಿವಿಗೆ ಬಿದ್ದರೆ ಅದು ಜೀವನವಿಡೀ ಋಣ ತೀರಿಸುತ್ತಾ ಕೂರುತ್ತದೆ. ಹಾಗಾಗಿ ಈ ಮಾತು ಬಂದ ಕೂಡಲೇ ಕಾಫಿ ತರುತ್ತೀನಿ ಅಂತ ನಾನು ಎದ್ದುಬಿಡುತ್ತೇನೆ.

ಮಗುವಿಗೆ ಯಾವಾಗ ಹೇಳುವುದು ಅಂತ ಸಣ್ಣ ಮಗು ತಂದವರು ಕೇಳುತ್ತಾರೆ. ಮೊದಲ ದಿನದಿಂದ. ಜೋಗುಳದ ಜೊತೆಗೇ. ಬೇರೆಯವರ ಬಾಯಿಂದ ಗೊತ್ತಾಗುವ ಹಾಗೆ ಮಾತ್ರ ಮಾಡಬೇಡಿ. ಎಲ್ಲರೂ ಯಶೋದೆ ಕೃಷ್ಣನ ಕಥೆ ಹೇಳಿ ಅನ್ನುತ್ತಾರೆ. ಮಥುರೆಗೆ ಹೋದ ಕೃಷ್ಣ ಮತ್ತೆ ಗೋಕುಲದಲ್ಲಿ ಇರಲು ಬರಲೇ ಇಲ್ಲ ಅನ್ನುವುದನ್ನು ಅವರು ಯೋಚಿಸಿರುವುದಿಲ್ಲ! ನಮ್ಮವಳಿಗೆ ಹೇಳುವ ಅಗತ್ಯ ಬೀಳಲಿಲ್ಲ, ಅವಳಿಗೆ ಎಲ್ಲ ನೆನಪಿದೆ. ಶಾಲೆಯಲ್ಲಿ ಒಮ್ಮೆ ಹುಟ್ಟಿದಾಗಿನ ಫೋಟೋ ತನ್ನಿ, ವಂಶವೃಕ್ಷ ಬರೆಯಿರಿ ಅಂತ ಪ್ರಾಜೆಕ್ಟ್ ಕೊಟ್ಟರು. ಫೋಟೋ ಇಲ್ಲ ಅಂದರೆ ಮಾರ್ಕ್ಸ್ ಕಟ್ ಅಂತ ಟೀಚರ್ ಅಂದರಂತೆ. ನಾನು ಹೋಗಿ ಸ್ವಲ್ಪ ಜೋರಾಗಿಯೇ ಮಾತಾಡಿ ಬಂದೆ. ಇವಳು ಮಾತ್ರ ಶಿಶು ಗೃಹದ ಗ್ರೂಪ್ ಫೋಟೋ ಅಂಟಿಸಿ, ಮರದ ಒಂದು ಕೊಂಬೆಗೆ ಆಯಮ್ಮ ಅಂತ ಬರೆದು ಕೊಟ್ಟಳು.

ಆ ಫೋಟೋ ನಮ್ಮ ಹತ್ತಿರ ಇದ್ದದ್ದು ನಾವು ಕೇಳಿ ತಂದಿದ್ದರಿಂದ. ಸಂಸ್ಥೆಯವರು ತಾವಾಗಿ ಕೊಡುವುದು ಕಡಿಮೆ, ಅವರಿಗೆ ನೂರು ಕೆಲಸ. ಕೇಳಿದರೆ ಕೊಡುತ್ತಾರೆ. ಮಗು ಯಾರ ಪಕ್ಕ ಮಲಗುತ್ತಿತ್ತು, ಯಾವ ಸೋಪಿನಲ್ಲಿ ಸ್ನಾನ, ಅನ್ನಕ್ಕೆ ಏನು ಕಲಸಿದರೆ ತಿನ್ನುತ್ತದೆ, ಯಾವ ಹಾಡಿಗೆ ನಿದ್ದೆ ಮಾಡುತ್ತದೆ, ಗೆಳತಿಯ ಹೆಸರೇನು. ಇವೆಲ್ಲ ಫೈಲಿನಲ್ಲಿ ಇರುವುದಿಲ್ಲ, ಆಫೀಸಿನಲ್ಲಿ ಕೂತವರಿಗೂ ಗೊತ್ತಿರುವುದಿಲ್ಲ. ಆಯಮ್ಮನನ್ನೇ ಕೇಳಬೇಕು. ಅವರು ಉಟ್ಟ ಒಂದು ಹಳೇ ಸೀರೆಯ ತುಂಡು ಕೇಳಿ ತಂದರೆ ಇನ್ನೂ ಒಳ್ಳೆಯದು, ಒಗೆಯದೆ.

ಕಾಗದದ ಕೆಲಸ ಮಗು ಬಂದ ಮೇಲೂ ನಡೆಯುತ್ತಿರುತ್ತದೆ. ಮೊದಲು ಮಗುವನ್ನು ದತ್ತು ಪೂರ್ವ ಪೋಷಣೆ ಅಂತ ಮನೆಗೆ ಕಳಿಸುತ್ತಾರೆ, ಆದೇಶ ಆಮೇಲೆ ಬರುತ್ತದೆ. ಹಿಂದೆ ದತ್ತು ಆದೇಶ ಕೊಡುತ್ತಿದ್ದದ್ದು ಕೋರ್ಟು. ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಆ ಅಧಿಕಾರ ಜಿಲ್ಲಾಧಿಕಾರಿಗೆ ಹೋಗಿದೆ. ಆದೇಶ ಬಂದರೆ ನಿಮ್ಮ ಹೆಸರಿನೊಂದಿಗೆ ಜನನ ಪ್ರಮಾಣಪತ್ರ. ಆಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತೆ ಬಂದು ನೋಡಿ ವರದಿ ಕಳಿಸುತ್ತಾರೆ. ಬಂದಾಗ ಎಲ್ಲ ಚೆನ್ನಾಗಿದೆ ಅಂತ ಪಾಯಸ ಕೊಟ್ಟು ಕಳಿಸಬೇಡಿ. ಕಷ್ಟ ಇದ್ದರೆ ಹೇಳಿ, ಮಗುವನ್ನು ಕಸಿದುಕೊಂಡು ಹೋಗಲು ಅವರು ಬಂದಿರುವುದಿಲ್ಲ.

ಹದಿನೆಂಟು ತುಂಬಿದ ಮೇಲೆ ಮಗು ತನ್ನ ಮೂಲ ಹುಡುಕಲು ಅರ್ಜಿ ಹಾಕಬಹುದು, ಅದಕ್ಕೆ ಮೊದಲಾದರೆ ನಾವೂ ಸೇರಿ ಹಾಕಬೇಕು. ಹೆತ್ತವರ ಗುಟ್ಟು ಕಾಪಾಡುವ ಹಕ್ಕೂ ಕಾನೂನಿನಲ್ಲಿದೆ, ಎಲ್ಲ ಉತ್ತರ ಸಿಕ್ಕೇ ಸಿಗುತ್ತದೆ ಅಂತಿಲ್ಲ. ಅವಳು ಕೇಳಿದರೆ ಜೊತೆಗೆ ಹೋಗುವುದು ಅಂತ ನಾವಿಬ್ಬರೂ ತೀರ್ಮಾನಿಸಿದ್ದೇವೆ. ಫೈಲಿನ ಎಲ್ಲ ಹಾಳೆ ಜೆರಾಕ್ಸ್ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದೇನೆ. ಅತ್ತೆ ಮಾತ್ರ ಇನ್ನೂ ಒಪ್ಪಿಲ್ಲ. "ಆಯಮ್ಮನ್ನ ನೋಡೋಕೆ ಹೋಗಿ, ನಾನೂ ಬರ್ತೀನಿ. ಬೇರೆ ಯಾರನ್ನೂ ಹುಡುಕೋದು ಬೇಡ" ಅನ್ನುತ್ತಾರೆ.